ಮೂರನೇ ಸಿಲಿಂಡರ್

ಪ್ರಜ್ಞಾಳ ಕಾರು ಓಣಿಯ ತಿರುವಿನಲ್ಲಿ ಎರಡು ಸಲ ಮುಗ್ಗರಿಸಿ ಮನೆಯ ಮುಂದೆ ಬಂದು ನಿಂತಾಗ ಅವಳ ಮಾವ ದುರ್ಗಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಬಸಿಯನ್ನು ತುಟಿಯಿಂದ ಇಳಿಸಿ, ತಲೆಯನ್ನು ಒಂದು ಕಡೆ ವಾಲಿಸಿ, ಇಂಜಿನ್ ಬಂದಾಗುವ ತನಕ ಕೇಳಿಸಿಕೊಂಡ. ಆಮೇಲೆ ಉಳಿದ ಚಹಾವನ್ನು ಸೊರ್ರನೆ ಹೀರಿದ.

"ಏರು ಬಂದ್ರ ಜರ್ಕ್ ಹೊಡಿಯಾಕ ಹತ್ತೈತ್ರಿ ಇದು," ಎಂದಳು ಪ್ರಜ್ಞಾ ಚಪ್ಪಲಿ ಬಿಡುತ್ತ.

"ಗಾಡಿ ತಾನ ಜರ್ಕ್ ಹೊಡಿಯೂದಿಲ್ಲ. ನಡಸಾವ್ರು ಹೊಡಸ್ತಾರ. ಕ್ಲಚ್ ಮ್ಯಾಲ ಕಾಲ ಇಟ್ಟಕೊಂಡ ಸವದತ್ತಿ ತನಕಾ ಹೋದ್ರ ಇಂಜಿನ್ ಏನ ಮಾಡತೈತಿ ಪಾಪ."

"ಕ್ಲಚ್ ಮ್ಯಾಲ ನಾ ಕಾಲ ಇಡೂದಿಲ್ರಿ ಮಾವಾರ."

"ಇಡೂದಿಲ್ಲಂದ್ರ ಇಡೂದಿಲ್ಲ. ನಾ ಏನ ಒಳಗ ಕುಂತ ನೋಡೇನೇನು?"

ಒಳಗೆ ಕೂತು ನೋಡಿಲ್ಲ ಎಂಬುದೇ ಆ ಮಾತಿನ ಮುಳ್ಳು. ದುರ್ಗಪ್ಪ ಬಸ್ ಡಿಪೋ ಒಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮೆಕ್ಯಾನಿಕ್ ಆಗಿದ್ದವನು. ಬೈಲಹೊಂಗಲದ ಈ ಮನೆಯನ್ನು ಅದೇ ಗ್ರೀಸು ಹತ್ತಿದ ಕೈಯಿಂದ ಕಟ್ಟಿಸಿದವನು. ಹೋದ ವರ್ಷ ಸೊಸೆ ಕಾರು ಕೊಳ್ಳುವಾಗ ಮಾತ್ರ ಅವನನ್ನು ಯಾರೂ ಕರೆಯಲಿಲ್ಲ. ಮಗ ಸಂದೀಪ ಮತ್ತು ಪ್ರಜ್ಞಾ ಇಬ್ಬರೇ ಸಂಪಗಾಂವಕ್ಕೆ ಹೋಗಿ, ನಿವೃತ್ತ ಡಾಕ್ಟರೊಬ್ಬರ ಹಳೆಯ ಬೂದು ಬಣ್ಣದ ಕಾರನ್ನು ಮಾತಾಡಿ ತಂದಿದ್ದರು. ಅಪ್ಪ ಬಂದರೆ ಮೊದಲು ಕಾರನ್ನು ಬೈದು, ಆಮೇಲೆ ಡಾಕ್ಟರನ್ನು ಬೈದು, ಕೊನೆಗೆ ತಮ್ಮನ್ನು ಬೈದು ವ್ಯವಹಾರ ಮುರಿಯುತ್ತಾನೆ ಎಂದು ಸಂದೀಪ ಹೆದರಿದ್ದ. ಹೆದರಿಕೆ ಸುಳ್ಳೇನಲ್ಲ. ಅಂದಿನಿಂದ ದುರ್ಗಪ್ಪನ ಬಾಯಲ್ಲಿ ಅದು "ನಿಮ್ಮ ಕಾರು" ಆಯಿತು.

ಪ್ರಜ್ಞಾಳಿಗೆ ಕಾರಿಲ್ಲದೆ ನಡೆಯುತ್ತಿರಲಿಲ್ಲ. ಸವದತ್ತಿಯ ಲ್ಯಾಬೊಂದರಲ್ಲಿ ಅವಳು ರಕ್ತ ಪರೀಕ್ಷೆ ಮಾಡುವವಳು. ಉಪವಾಸ ಬಂದ ಸಕ್ಕರೆ ಕಾಯಿಲೆಯವರು ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಬೆಳಗಿನ ಬಸ್ಸು ತನಗೆ ತಿಳಿದಾಗ ಬರುತ್ತಿತ್ತು. ಸಂದೀಪ ರಾಮದುರ್ಗದ ಕೃಷಿ ಕಚೇರಿಯಲ್ಲಿದ್ದ. ವಾರವೆಲ್ಲ ಅಲ್ಲೇ ಕೋಣೆ ಮಾಡಿಕೊಂಡಿದ್ದು ಶನಿವಾರ ಸಂಜೆ ಮೈಲಿಗೆ ಬಟ್ಟೆಯ ಚೀಲ ಹಿಡಿದು ಬರುತ್ತಿದ್ದ. ಉಳಿದ ದಿನ ಮನೆಯಲ್ಲಿ ದುರ್ಗಪ್ಪ, ಅವನ ಹೆಂಡತಿ ಶೆಟ್ಟೆವ್ವ, ಪ್ರಜ್ಞಾ, ಮತ್ತು ಒಂಬತ್ತನೇ ತರಗತಿಯಲ್ಲಿದ್ದ ಮೊಮ್ಮಗಳು ಪ್ರಣಿತಾ.

ಅಂದು ಊಟಕ್ಕೆ ಕೂತಾಗ ದುರ್ಗಪ್ಪ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ಮಗ್ಗುಲು ಕರಿಕಾಗಿತ್ತು.

"ಇದು ರೊಟ್ಟೀನೋ ಕ್ಲಚ್ ಪ್ಲೇಟೋ?"

"ಕಣ್ಣ ಕಾಣಾವ್ರು ಬಡೀರಿ," ಎಂದಳು ಶೆಟ್ಟೆವ್ವ ಒಲೆಯ ಕಡೆಯಿಂದಲೇ. "ಹಿಟ್ಟ ಐತಿ, ನಿಮಗ ಕೈಯೂ ಅದಾವ."

ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ, ಹಂಚಿನ ಮೇಲೆ ರೊಟ್ಟಿ ಎಷ್ಟು ಬೆಂದಿದೆ ಎಂದು ವಾಸನೆಯಿಂದಲೇ ತಿಳಿಯಬೇಕು. ಧಾರವಾಡದ ಕಣ್ಣಿನ ಡಾಕ್ಟರು ಒಂದಾದ ಮೇಲೆ ಒಂದು ಆಪರೇಶನ್ ಮಾಡೋಣ ಎಂದಿದ್ದರು.

"ಅಜ್ಜಾ, ಅಂಗಡಿ ರೊಟ್ಟಿ ತರಲೇನು? ಅದರ ಮ್ಯಾಲ ನಿಮ್ಮ ಹೆಸರ ಬರಿಸಿ?" ಎಂದಳು ಪ್ರಣಿತಾ.

"ನಿಮ್ಮವ್ವ ಹಂಗ ಕಲಿಸ್ಯಾಳೇನ ಮಾತಾಡಾಕ?"

"ಇಲ್ರಿ. ಇದು ನಿಮ್ಮ ಕಡಿಯಿಂದ ಬಂದೈತಿ."

ಶೆಟ್ಟೆವ್ವ ಮೂಗಿನಲ್ಲಿ ನಕ್ಕಳು. ಪ್ರಜ್ಞಾ ಝುಣಕದ ಪಾತ್ರೆಯನ್ನು ಮಾವನ ಕಡೆ ಸರಿಸಿದಳು. ಆ ಮನೆಯಲ್ಲಿ ಒಬ್ಬರನ್ನೊಬ್ಬರು ಹೀಗಳೆಯದೆ ಒಂದು ಊಟವೂ ಮುಗಿಯುತ್ತಿರಲಿಲ್ಲ. ಉಪ್ಪಿನಕಾಯಿ ಇಲ್ಲದ ದಿನವಿತ್ತು, ಈ ಹೀಗಳಿಕೆ ಇಲ್ಲದ ದಿನವಿರಲಿಲ್ಲ.

*

ಭಾನುವಾರ ಗಂಡಹೆಂಡತಿ ಕಾರನ್ನು ಕಿತ್ತೂರಿಗೆ ಒಯ್ದರು. ಅಲ್ಲಿ ಹೆದ್ದಾರಿಯ ಪಕ್ಕದಲ್ಲಿ ಮಹಾಂತಪ್ಪ ಎಂಬವನ ಗ್ಯಾರೇಜು. ಅವನು ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿಸಿ, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದ. ಇಂಜಿನ್ ನಿಂತಲ್ಲೇ ಸಣ್ಣಗೆ, ಸಮನಾಗಿ ಓಡಿತು.

"ಹಾಲಿನಂಗ ಓಡಾಕ ಹತ್ತೈತಲ್ರಿ."

"ಇಲ್ಲೆ ಓಡತೈತ್ರಿ. ಏರಿನ್ಯಾಗ ಹೋದ್ರ ಒಂದ ಕಾಲ ಕಳಕೊಂಡಂಗ ಮಾಡತೈತಿ," ಎಂದಳು ಪ್ರಜ್ಞಾ.

ಮಹಾಂತಪ್ಪ ಅವಳನ್ನು ಬಿಟ್ಟು ಸಂದೀಪನ ಕಡೆ ತಿರುಗಿ, "ಪ್ಲಗ್ ಹೋಗ್ಯಾವ್ರಿ ಸರ್," ಎಂದ. ಪ್ಲಗ್ಗು ಬದಲಾದವು. ಎರಡು ದಿನ ಕಾರು ಸುಮ್ಮನಿತ್ತು, ಮೂರನೆಯ ದಿನ ಸವದತ್ತಿಯ ಗುಡ್ಡದ ಏರಿನಲ್ಲಿ ಮತ್ತೆ ಒದ್ದಾಡಿತು. ಮುಂದಿನ ಭಾನುವಾರ ಮಹಾಂತಪ್ಪ ಪೆಟ್ರೋಲ್ ಫಿಲ್ಟರ್ ಬದಲಿಸಿದ, ಇಂಜೆಕ್ಟರ್ ತೊಳೆದ. ಅದರ ಮುಂದಿನ ಭಾನುವಾರ ಗಂಭೀರನಾಗಿ, ಇದರ ಕಂಪ್ಯೂಟರ್ ಡಬ್ಬಿಯೇ ಹೋಗಿರಬೇಕು, ಅದು ಸಿಗುವುದು ಕಷ್ಟ, ಗಾಡಿಯನ್ನು ಯಾರಿಗಾದರೂ ದಾಟಿಸಿಬಿಡಿ ಎಂದ.

ಪ್ರತಿ ಸಲ ಅವರು ಮರಳಿ ಬಂದಾಗ ದುರ್ಗಪ್ಪ ಕಟ್ಟೆಯ ಮೇಲೆ ಹುರಿದ ಶೇಂಗಾ ಬಿಡಿಸುತ್ತ ಕೂತಿರುತ್ತಿದ್ದ.

"ಏನಂದ ನಿಮ್ಮ ಗಾಡಿ ಡಾಕ್ಟರ?"

"ಕಂಪ್ಯೂಟರ್ ಹೋಗೈತಿ ಅಂತಾನ ಅಪ್ಪಾ," ಎಂದ ಸಂದೀಪ.

"ಅಂತಾನ? ಭೇಷ್. ಮುಂದಿನ ವಾರ ಸೀಟ್ ಹೋಗೈತಿ ಅಂತಾನ, ಅದನ್ನೂ ಬದಲ ಮಾಡಸ್ರಿ. ಅದರ ಮುಂದಿನ ವಾರ ನಂಬರ್ ಪ್ಲೇಟ್."

"ಅಜ್ಜಾ, ನಿಮಗ ಗೊತ್ತಿದ್ರ ನೀವ ಮಾಡ್ರಲ್ಲ," ಎಂದಳು ಪ್ರಣಿತಾ.

"ನನಗೇನ ಗೊತ್ತವಾ? ನಾ ಡೀಜಲ್ ಮನಷಾ. ಇದು ಇಂಜೆಕ್ಷನ್ ಗಾಡಿ. ಕಲತವರ ಗಾಡಿ."

ಪ್ರಜ್ಞಾ ಬಟ್ಟೆ ಬದಲಿಸಲು ಒಳಗೆ ಹೋದವಳು ಮತ್ತೆ ಹೊರಗೆ ಬಂದಳು. ಮಾವನ ಎದುರು ನಿಂತಳು. ಬಾಗಿಲಲ್ಲಿದ್ದ ಶೆಟ್ಟೆವ್ವನಿಗೆ ಸೊಸೆಯ ಮುಖ ಕಾಣಲಿಲ್ಲ, ದನಿ ಮಾತ್ರ ಕೇಳಿತು.

"ಮಾವಾರ, ಒಮ್ಮೆ ನೀವು ನೋಡ್ತೀರೇನ್ರಿ? ನಮಗ ತಿಳಿವಲ್ದು."

ದುರ್ಗಪ್ಪ ಒಂದು ಶೇಂಗಾ ಒಡೆದ. ಸಿಪ್ಪೆಯನ್ನು ಊದಿದ. ಎರಡು ಕಾಳನ್ನು ಬಾಯಿಗೆ ಹಾಕಿಕೊಂಡು ಪೂರ್ತಿ ಅಗಿದ.

"ಗಾಡಿ ತರೂ ಮುಂದ ಕೇಳಿದ್ರೇನು?"

"ಇಲ್ರಿ. ಅದು ನಮ್ಮ ತಪ್ಪು."

"ತಪ್ಪ ಅಂತ ಈಗ ಗೊತ್ತಾತು. ಕಿತ್ತೂರಾಗ ಮೂರ ಸಲ ಕೈಮುಗದ ಮ್ಯಾಲ." ಅವನು ಎದ್ದು ಧೋತರದ ಮೇಲಿನ ಸಿಪ್ಪೆ ಕೊಡವಿದ. "ನನ್ನ ಕಣ್ಣೂ ಮಂದ ಆಗ್ಯಾವ. ನಿಮ್ಮ ಮಹಾಂತಪ್ಪನ್ನ ಕೇಳ್ರಿ."

ಪ್ರಜ್ಞಾ ಒಳಗೆ ಹೋಗಿ ಮುಸುರೆ ತಿಕ್ಕಲು ಕೂತಳು. ಪಾತ್ರೆಗಳ ಸದ್ದು ಓಣಿಯ ತುದಿಗೆ ಕೇಳುವಂತಿತ್ತು.

"ಅಪ್ಪ ಹಂಗ ಮಾತಾಡ್ತಾರ. ಮನಸ್ಸಿನ್ಯಾಗ ಏನೂ ಇರೂದಿಲ್ಲ," ಎಂದ ಸಂದೀಪ, ಒರೆಸುವ ಬಟ್ಟೆ ಹಿಡಿದು ಅವಳ ಹಿಂದೆ ನಿಂತು.

"ನಿಮ್ಮ ಮನಸ್ಸಿನ್ಯಾಗೂ ಏನೂ ಇಲ್ಲ," ಎಂದಳು ಅವಳು. "ತಾಟ ಒರಸ್ರಿ."

*

ಶೆಟ್ಟೆವ್ವನ ಮೊದಲ ಕಣ್ಣಿನ ಆಪರೇಶನ್ ದಿನ ಬಂತು. ಸಂದೀಪ ರಜೆ ಹಾಕಿದ್ದ. ಬಾಡಿಗೆ ಗಾಡಿ ಹೇಳೋಣವೇ, ಬಸ್ಸಿಗೆ ಹೋಗೋಣವೇ ಎಂದು ಹಿಂದಿನ ಸಂಜೆ ಊಟಕ್ಕೆ ಕೂತಾಗ ಮಾತು ಬಂತು.

"ಮನ್ಯಾಗ ಸ್ವಂತ ಕಾರ ಇಟ್ಟಕೊಂಡ ಬಾಡಿಗಿ ಗಾಡಿ ಯಾಕ?" ಎಂದ ದುರ್ಗಪ್ಪ. "ಓಣಿ ಮಂದಿ ನಗಾಕೇನು? ರಾಣಿಯಂಗ ಕುಂತ ಹೋಗು, ನಿನ್ನ ಸೊಸಿ ಗಾಡಿ ಹೊಡೀತಾಳ."

"ನೀವೂ ಬರ್ರಿ," ಎಂದಳು ಶೆಟ್ಟೆವ್ವ.

"ನನ್ನ ಮೊಣಕಾಲ ಹಿಡದೈತಿ."

ಹೋಗುವಾಗ ಕಾರು ಒಂದೆರಡು ಸಲ ಮಾತ್ರ ಮುಗ್ಗರಿಸಿತು. ಆಪರೇಶನ್ ಸುಸೂತ್ರವಾಗಿ ಮುಗಿಯಿತು. ಮಧ್ಯಾಹ್ನ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಶೆಟ್ಟೆವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ತೇಗೂರಿನ ಹತ್ತಿರ ಹೆದ್ದಾರಿ ಏರುವಲ್ಲಿ ಮುಂದೆ ಕಬ್ಬಿನ ಟ್ರ್ಯಾಕ್ಟರ್ ತೆವಳುತ್ತಿತ್ತು. ಅದನ್ನು ದಾಟಲೆಂದು ಪ್ರಜ್ಞಾ ಬಲಕ್ಕೆ ತಂದು ಕಾಲು ಒತ್ತಿದಳು. ಕಾರು ಮುಂದೆ ಹಾಯುವ ಬದಲು ಗಡಗಡ ನಡುಗಿತು. ವೇಗ ಇಳಿಯಿತು. ಗೇರು ಬದಲಿಸುವಷ್ಟರಲ್ಲಿ ಇನ್ನೊಮ್ಮೆ ಒದ್ದಾಡಿ, ಹೆದ್ದಾರಿಯ ನಡುವೆಯೇ ಇಂಜಿನ್ ಬಂದಾಯಿತು.

ಹಿಂದೆ ಲಾರಿಯೊಂದು ಹಾರ್ನ್ ಒತ್ತಿ ಹಿಡಿದೇ ಬಂತು. ಶೆಟ್ಟೆವ್ವನಿಗೆ ಕಂಡದ್ದು ಬರೀ ಮಬ್ಬು; ಕೇಳಿದ್ದು ಆ ಹಾರ್ನು ಮತ್ತು ಟಾಯರು ರಸ್ತೆಗೆ ಉಜ್ಜುವ ಕರ್ಕಶ ಸದ್ದು. ಲಾರಿ ಕಾರಿನ ಬಲಕ್ಕೆ ಉಜ್ಜಿಕೊಂಡು ಹೋಯಿತು. ಬಾಗಿಲ ಕನ್ನಡಿ ಕಿತ್ತು ರಸ್ತೆಯ ಮೇಲೆ ಉರುಳಿತು. ಪ್ರಜ್ಞಾ ಮತ್ತೆ ಚಾವಿ ತಿರುಗಿಸಿದಳು. ಇಂಜಿನ್ ಏನೂ ಆಗೇ ಇಲ್ಲವೆಂಬಂತೆ, ಸಣ್ಣಗೆ, ಸಮನಾಗಿ ಚಾಲೂ ಆಯಿತು. ಅವಳು ಕಾರನ್ನು ಎಡಕ್ಕೆ ತಂದು ನಿಲ್ಲಿಸಿ, ಸ್ಟೇರಿಂಗ್ ಹಿಡಿದುಕೊಂಡೇ ಕೂತಳು.

"ಯಾರಿಗೂ ಏನೂ ಆಗಿಲ್ಲಲ್ಲ?" ಎಂದ ಸಂದೀಪ.

"ನೋಡಿ ಹೇಳು," ಎಂದಳು ಅವನ ತಾಯಿ. "ಕಣ್ಣಿದ್ದಾವ ನೀನು."

ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ನಡೆದದ್ದನ್ನು ಸಂದೀಪ ಹೇಳಿದ. ದುರ್ಗಪ್ಪ ಟಿವಿಯ ದನಿ ತಗ್ಗಿಸಿದ, ಆಮೇಲೆ ಆರಿಸಿಯೇಬಿಟ್ಟ. ಹೊರಗೆ ಹೋಗಿ ಕಾರಿನ ಬಲಮಗ್ಗುಲನ್ನು ಸವರುತ್ತ ನಿಂತು ಮರಳಿ ಬಂದ.

"ಕನ್ನಡಿ ಹೋಗೈತಿ," ಎಂದ.

"ಕನ್ನಡಿ ಅಷ್ಟ ಹೋಗೈತಿ," ಎಂದಳು ಶೆಟ್ಟೆವ್ವ.

ಅವನು ಬಾಯಿ ತೆರೆದ. ಏನೋ ಹೇಳುವವನಿದ್ದ. ಅಷ್ಟರಲ್ಲಿ ಪ್ರಣಿತಾ ಅಜ್ಜಿಯ ಕಣ್ಣಿಗೆ ಹಾಕುವ ಹನಿ ಔಷಧಿ ತಂದಳು. ಅವನು ಬಾಯಿ ಮುಚ್ಚಿ, ಊಟಕ್ಕೆ ಏನು ಮಾಡಿದ್ದೀರಿ ಎಂದು ಕೇಳಿದ.

*

ಮರುದಿನದಿಂದ ಪ್ರಜ್ಞಾ ಬಸ್ಸಿಗೆ ಹೋದಳು. ಎರಡು ಸಲ ತಡವಾಗಿ ಲ್ಯಾಬಿನ ಮಾಲೀಕರಿಂದ ಮಾತು ಕೇಳಿದಳು. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಇಂಜಿನ್ ಬಿಚ್ಚುವ ವಿಡಿಯೋ ನೋಡಿದಳು. ಅವಳಿಗೆ ಅದು ಪೂರ್ತಿ ಹೊಸದಾಗಿಯೂ ಕಾಣಲಿಲ್ಲ. ಲ್ಯಾಬಿನಲ್ಲಿ ಒಂದು ರಿಪೋರ್ಟು ತಪ್ಪು ಬಂದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದಿಲ್ಲ. ಒಂದನ್ನು ಬದಲಿಸಿ ನೋಡಬೇಕು, ಆಮೇಲೆ ಇನ್ನೊಂದನ್ನು. ಮಹಾಂತಪ್ಪ ಕಾರನ್ನು ನಿಂತಲ್ಲೇ ಓಡಿಸಿ ನೋಡಿದ್ದ. ರೋಗ ಬರುವುದು ಎಳೆಯುವಾಗ. ಹಾಗಾದರೆ ಎಳೆಯುವಾಗಲೇ ನೋಡಬೇಕು.

ಶೆಟ್ಟೆವ್ವನ ಕಣ್ಣಿನ ಪಟ್ಟಿ ಬಿಚ್ಚಿದ ನಂತರದ ಭಾನುವಾರ ಪ್ರಜ್ಞಾ ಕಾರನ್ನು ಮನೆಯ ಮುಂದೆ ಸಮ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಗಾಲಿಗೆ ಕಲ್ಲು ಕೊಟ್ಟಳು. ಸಂದೀಪನನ್ನು ಒಳಗೆ ಕೂರಿಸಿ, ಬ್ರೇಕ್ ಒತ್ತಿ ಹಿಡಿದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಸ್ವಲ್ಪವೇ ಬಿಡಬೇಕೆಂದು ಹೇಳಿದಳು. ಹಾಗೆ ಮಾಡಿದರೆ ಕಾರು ಚಲಿಸದೆ ಇಂಜಿನ್ ಮಾತ್ರ ಏರು ಹತ್ತುವಂತೆ ದಮ್ಮು ಕಟ್ಟುತ್ತದೆ.

ಶೆಟ್ಟೆವ್ವ ಕರಿಗನ್ನಡಕ ಹಾಕಿ ಬಾಗಿಲಲ್ಲಿ ಕೂತಿದ್ದಳು. ದುರ್ಗಪ್ಪ ಕಟ್ಟೆಯ ಮೇಲಿದ್ದ.

"ಇನ್ನ ಕ್ಲಚ್ಚೂ ಸುಡ್ರಿ. ಅದೊಂದ ಉಳದಿತ್ತು," ಎಂದ.

ಸಂದೀಪ ಕ್ಲಚ್ ಬಿಟ್ಟ. ಇಂಜಿನ್ ಒಂದು ಮಗ್ಗುಲಿಗೆ ವಾಲಿತು, ಗಡಗಡ ನಡುಗತೊಡಗಿತು. ಪ್ರಜ್ಞಾ ಒಂದನೇ ಇಂಜೆಕ್ಟರಿನ ವೈರಿನ ಕೊಂಡಿ ಕಿತ್ತಳು. ಇಂಜಿನ್ ಇನ್ನಷ್ಟು ಕುಗ್ಗಿತು. ಅಂದರೆ ಒಂದನೆಯದು ದುಡಿಯುತ್ತಿದೆ. ಕೊಂಡಿ ಮತ್ತೆ ಹಾಕಿ ಎರಡನೆಯದನ್ನು ಕಿತ್ತಳು, ಕುಗ್ಗಿತು. ಮೂರನೆಯದನ್ನು ಕಿತ್ತಳು, ನಡುಕ ಹಾಗೇ ಇತ್ತು, ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.

"ಮೂರನೇದ್ದು," ಎಂದಳು. "ಮೂರನೇ ಸಿಲಿಂಡರ್ ಕೆಲಸಾ ಮಾಡವಲ್ದು."

"ಶಾಣ್ಯಾಕಿ," ಎಂದ ದುರ್ಗಪ್ಪ. "ಈಗ ಅದರ ರಕ್ತ ತಗೀ."

ಅವಳು ಅವನ ಕಡೆ ನೋಡಲಿಲ್ಲ. ಇಂಜಿನ್ ಆರಿಸಿ, ಮೂರನೆಯದರ ಪ್ಲಗ್ಗನ್ನೂ ಅದರ ವೈರನ್ನೂ ಎರಡನೆಯದಕ್ಕೆ, ಎರಡನೆಯದರದ್ದನ್ನು ಮೂರನೆಯದಕ್ಕೆ ಹಾಕಿದಳು. ಮತ್ತೆ ನೋಡಿದರೂ ಸತ್ತದ್ದು ಮೂರನೆಯದೇ. ಪ್ಲಗ್ಗಿನ ದೋಷವಲ್ಲ, ಕಿಡಿಯ ದೋಷವಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟಳು. ಉಳಿದ ಮೂರರಲ್ಲಿ ಟಿಕ್ ಟಿಕ್ ಸದ್ದು ಎಡಬಿಡದೆ ಬರುತ್ತಿತ್ತು. ಮೂರನೆಯದರಲ್ಲಿ ಸದ್ದು ನಿಲ್ಲುತ್ತಿತ್ತು, ಬರುತ್ತಿತ್ತು, ಮತ್ತೆ ನಿಲ್ಲುತ್ತಿತ್ತು.

"ಕರೆಂಟ ಹೋಗವಲ್ದು ಇದಕ್ಕ. ವೈರಿನ್ಯಾಗ ಎಲ್ಲೋ ಐತಿ."

ಅವಳು ಆ ವೈರನ್ನು ಬೆರಳಿನಿಂದ ಹಿಡಿದು ಹಿಂದಕ್ಕೆ ಹೋದಳು. ಅದು ಉಳಿದ ವೈರುಗಳ ಜೊತೆ ಸೇರಿ, ಇಂಜಿನ್ನಿಗೆ ಗಾಳಿ ಸೋಸುವ ಡಬ್ಬಿಯ ಕೆಳಗೆ, ಬೆಳಕು ಬೀಳದ ಜಾಗದಲ್ಲಿ ಇಳಿಯುತ್ತಿತ್ತು. ಕಟ್ಟೆಯ ಮೇಲೆ ಶೇಂಗಾ ಒಡೆಯುವ ಸದ್ದು ನಿಂತಿತು.

"ಆಯ್ತು ಬಿಡ್ರಿ, ಊಟದ ಹೊತ್ತಾತು," ಎಂದ ದುರ್ಗಪ್ಪ.

ಪ್ರಜ್ಞಾ ಸಂದೀಪನಿಗೆ ಕ್ಲಚ್ ಪೂರ್ತಿ ಒತ್ತಲು ಹೇಳಿ, ಇಂಜಿನ್ ಸಮನಾದ ಮೇಲೆ ಕೈಯನ್ನು ಡಬ್ಬಿಯ ಕೆಳಗೆ ತೂರಿಸಿ ವೈರುಗಳನ್ನು ಅಲುಗಾಡಿಸಿದಳು. ಇಂಜಿನ್ ಮುಗ್ಗರಿಸಿತು. ಕೈ ಬಿಟ್ಟಳು, ಸರಿಯಾಯಿತು. ಮತ್ತೆ ಅಲುಗಾಡಿಸಿದಳು, ಮುಗ್ಗರಿಸಿತು. ಸಂದೀಪನಿಗೆ ಬಂದ್ ಮಾಡಲು ಹೇಳಿ, ಗಾಳಿಯ ಡಬ್ಬಿಯ ನಟ್ಟು ಬಿಚ್ಚಿ ಎತ್ತಿ ಇಟ್ಟಳು. ಕೆಳಗೆ ಒಂದು ಕಡೆ ವೈರುಗಳ ಮೇಲಿನ ಪ್ಲಾಸ್ಟಿಕ್ ಚೂರುಚೂರಾಗಿತ್ತು; ಇಲಿ ಕಡಿದ ಗುರುತು. ಅದರಲ್ಲಿ ಒಂದೇ ವೈರಿಗೆ ಕರಿ ಟೇಪು ಸುತ್ತಿ, ಟೇಪಿನ ಮೇಲೆ ಗೋಣಿಚೀಲದ ದಾರದಿಂದ ಬಿಗಿಯಾಗಿ ಗಂಟು ಹಾಕಲಾಗಿತ್ತು. ಟೇಪು ಬಿಸಿಗೆ ಸಡಿಲಾಗಿ, ಒಳಗೆ ಹೊಸೆದ ತಂತಿಯ ಎಳೆಗಳು ಬಿಟ್ಟುಕೊಂಡಿದ್ದವು. ಇಂಜಿನ್ ಎಳೆಯುತ್ತ ವಾಲಿದಾಗ ಅವು ದೂರವಾಗುತ್ತಿದ್ದವು, ನಿಂತಾಗ ಕೂಡುತ್ತಿದ್ದವು.

"ಇದನ್ನ ಯಾರ ಕಟ್ಯಾರ?" ಎಂದ ಸಂದೀಪ ಇಳಿದು ಬಂದು. "ಮಹಾಂತಪ್ಪನೇನು?"

ಶೆಟ್ಟೆವ್ವ ಎದ್ದು ಬಂದಳು. ಕರಿಗನ್ನಡಕ ಹಣೆಗೆ ಏರಿಸಿ, ಹೊಸ ಕಣ್ಣಿನಿಂದ ಬಾಗಿ ನೋಡಿದಳು. ಆ ಮನೆಯ ಮಿಕ್ಸರಿನ ವೈರು, ಇಸ್ತ್ರಿಪೆಟ್ಟಿಗೆಯ ವೈರು, ಬಾವಿಯ ಮೋಟಾರಿನ ವೈರು, ಹರಿದ ಚಪ್ಪಲಿಯ ಪಟ್ಟಿ, ಎಲ್ಲಕ್ಕೂ ಹೀಗೇ ಟೇಪು ಸುತ್ತಿ, ಮೇಲೆ ಗೋಣಿದಾರ ಬಿಗಿದು, ಎರಡು ಸುತ್ತಿನ ಗಂಟು ಹಾಕಲಾಗಿತ್ತು.

"ಈ ಗಂಟ ಹಾಕೂ ಕೈ ಕಿತ್ತೂರಾಗ ಇಲ್ಲ," ಎಂದಳು.

ಎಲ್ಲರೂ ಕಟ್ಟೆಯ ಕಡೆ ನೋಡಿದರು. ಅಲ್ಲಿ ಶೇಂಗಾದ ಸಿಪ್ಪೆ ಮಾತ್ರ ಇತ್ತು. ದುರ್ಗಪ್ಪ ಒಳಗೆ ಹೋಗಿ ತಾಟಿನ ಮುಂದೆ ಕೂತಿದ್ದ.

*

ಅಂದು ಅಡುಗೆ ಬದನೆಕಾಯಿ ಎಣಗಾಯಿ. ಶೆಟ್ಟೆವ್ವ ಗಂಡನ ತಾಟಿಗೆ ರೊಟ್ಟಿ ಹಾಕಿ, ಎಣಗಾಯಿ ಹಾಕಿ, ಎದುರಿಗೆ ಕೂತಳು.

"ಯಾವಾಗ ಕಟ್ಟಿದ್ರಿ?"

"ಮಳಿಗಾಲದಾಗ," ಎಂದ ದುರ್ಗಪ್ಪ ರೊಟ್ಟಿ ಮುರಿಯುತ್ತ. "ಇಲಿ ಕಡದಿತ್ತು. ಬಾನೆಟ್ ತಗದ ನೋಡಿದೆ, ಕಟ್ಟಿದೆ. ನಿಮಗ ಅದೂ ಗೊತ್ತಾಗಲಿಲ್ಲ. ಅಷ್ಟ ದಿನಾ ನಿಮ್ಮ ಗಾಡಿ ಓಡಿದ್ದು ಯಾರ ಪುಣ್ಯಾದಿಂದ?"

"ಕಟ್ಟಿದ್ದು ತಪ್ಪಲ್ರಿ," ಎಂದಳು ಪ್ರಜ್ಞಾ. ಅವಳ ಮೊಣಕೈ ತನಕ ಇಂಜಿನ್ನಿನ ಮಸಿ ಹತ್ತಿತ್ತು, ಅವಳು ತೊಳೆದುಕೊಂಡಿರಲಿಲ್ಲ. "ಅದು ಸಡಲಾಗೈತಿ ಅಂತ ನಿಮಗ ಯಾವತ್ತು ಗೊತ್ತಾತು?"

"ಮೊದಲನೇ ದಿನಾನ. ಓಣಿ ತಿರುವಿನ್ಯಾಗ ಬರೂ ಮುಂದ. ಸದ್ದ ಕೇಳಿದ್ರ ಗೊತ್ತಾಗತೈತಿ." ಅವನ ದನಿಯಲ್ಲಿ ಈಗಲೂ ಒಂದಿಷ್ಟು ಹೆಮ್ಮೆ ಇತ್ತು.

"ಮತ್ತ ಹೇಳಲಿಲ್ಲ."

"ಕೇಳಿದ್ರ ಹೇಳ್ತಿದ್ದೆ."

"ಕೇಳಿದ್ದೆ. ಇಲ್ಲೇ ಕಟ್ಟಿ ಮುಂದ ನಿಂತ ಕೇಳಿದ್ದೆ."

"ಹಂಗ ಕೇಳೂದು ಕೇಳೂದಲ್ಲ. ಎಲ್ಲಾ ಕಡೆ ತಿರಗ್ಯಾಡಿ, ಎಲ್ಲೂ ಆಗದ ಮ್ಯಾಲ ಕೇಳೂದು ಕೇಳೂದಲ್ಲ."

"ಹಂಗಾರ ಹೆಂಗ ಕೇಳಬೇಕಿತ್ತು ಅಜ್ಜಾ?" ಎಂದಳು ಪ್ರಣಿತಾ. "ಅರ್ಜಿ ಕೊಡಬೇಕಿತ್ತೇನು?"

"ನೀ ಸುಮ್ಮಕುಂಡ್ರು," ಎಂದ ಸಂದೀಪ ಮಗಳಿಗೆ.

ಶೆಟ್ಟೆವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಗಲ್ಲದ ಮೇಲಿನ ಬಿಳಿ ಕೂಳೆ, ತುಟಿಯ ಮೂಲೆಯಲ್ಲಿ ಅಂಟಿದ ಖಾರ.

"ಡಿಪೋದಾಗ ಸಾಹೇಬರು ನಿಮ್ಮನ್ನ ಕೇಳತಿರಲಿಲ್ಲ," ಎಂದಳು. "ನೀವು ಮೂಲ್ಯಾಗ ನಿಂತಿರತಿದ್ರಿ. ಮ್ಯಾಲಿನ ಮಂದಿ ಎಲ್ಲಾ ಕೈ ಹಾಕಿ ಸೋತ ಮ್ಯಾಲ, ಕರೀರಿ ಆ ದುರ್ಗಪ್ಪನ್ನ, ಅಂತಿದ್ರು. ಬಂದ ನನ್ನ ಮುಂದ ಹೇಳಿ ನಗತಿದ್ರಿ. ನಾನೂ ನಗತಿದ್ದೆ. ಅಲ್ಲೆ ಅದು ಬೇಕಿತ್ತು. ಇಲ್ಲೆ ನಾವೇನ ಸಾಹೇಬರೇನು?"

ದುರ್ಗಪ್ಪ ಅಗಿಯುವುದನ್ನು ನಿಲ್ಲಿಸಿದ.

"ಆ ಕಾರಿನ್ಯಾಗ ನಾ ಕುಂಡ್ರೂದು ನಿಮಗ ಗೊತ್ತಿತ್ತೋ ಇಲ್ಲೋ?"

"ಸ್ವಲ್ಪ ಜರ್ಕ್ ಹೊಡೀತಿತ್ತು, ಅ‌ಷ್ಟ. ಮಧ್ಯದಾಗ ನಿಲ್ಲತೈತಿ ಅಂತ ನನಗ–"

"ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು."

"ಉಣ್ರಿ," ಎಂದಳು ಅವಳು. ಎದ್ದು ಇನ್ನೊಂದು ರೊಟ್ಟಿ ತಂದು ಅವನ ತಾಟಿಗೆ ಹಾಕಿದಳು. "ಈ ಸಲ ಕರಿಕ ಆಗಿಲ್ಲ. ನೋಡಿ ಹಾಕೇನಿ."

ಆ ರೊಟ್ಟಿಯನ್ನು ಅವನು ಮುಟ್ಟಲಿಲ್ಲ.

ಮರುದಿನ ಪ್ರಜ್ಞಾ ಊರಿನ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗೆ ಕಾರು ಒಯ್ದು, ಇಲಿ ಕಡಿದಷ್ಟೂ ವೈರು ಕತ್ತರಿಸಿ, ಹೊಸದನ್ನು ಬೆಸುಗೆ ಹಾಕಿಸಿ, ಮೇಲೆ ಕೊಳವೆ ಹಾಕಿಸಿದಳು. ಕನ್ನಡಿಯೂ ಬಂತು. ಕಾರು ಸವದತ್ತಿಯ ಏರನ್ನು ಒಂದೇ ಉಸಿರಿಗೆ ಹತ್ತಿತು. ಮನೆಗೆ ಬಂದು ಅವಳು ಯಾರಿಗೂ ಅದನ್ನು ಹೇಳಲಿಲ್ಲ. ಹೇಳುವ ಅಗತ್ಯವಿದ್ದವನಿಗೆ ಸದ್ದಿನಿಂದಲೇ ಗೊತ್ತಾಗಿತ್ತು.

ಆಮೇಲಿನ ವಾರಗಳಲ್ಲಿ ದುರ್ಗಪ್ಪನಿಗೆ ಹೊತ್ತಿಗೆ ಸರಿಯಾಗಿ ಚಹಾ ಬರುತ್ತಿತ್ತು, ಊಟ ಬರುತ್ತಿತ್ತು, ಒಗೆದ ಧೋತರ ಮಡಿಸಿದ ಹಾಗೇ ಮಂಚದ ಮೇಲೆ ಬರುತ್ತಿತ್ತು. ಅವನು ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ ಯಾರೂ ತಿರುಗಿ ಅನ್ನುತ್ತಿರಲಿಲ್ಲ. "ಹೂಂರಿ," ಎಂದು ಪಾತ್ರೆ ಒಯ್ಯುತ್ತಿದ್ದರು. ಒಂದು ದಿನ ಅವನು ಪ್ರಣಿತಾಳ ಹೊಸ ಚಪ್ಪಲಿಯನ್ನು ದೋಣಿ ಎಂದು ಹೀಗಳೆದ. ಅವಳು ಅವನನ್ನು ಒಮ್ಮೆ ನೋಡಿ, ಪುಸ್ತಕದ ಚೀಲ ಹೆಗಲಿಗೇರಿಸಿ ಹೋದಳು. ಅವನು ಆಮೇಲೆ ಯಾರೂ ಹೇಳದಿದ್ದರೂ ಬಕೆಟ್ಟಿನಲ್ಲಿ ನೀರು ತಂದು ಕಾರು ತೊಳೆದ. ಪ್ರಜ್ಞಾ ಬಂದು ನೋಡಿ, "ಯಾಕ ತ್ರಾಸ ತಗೊಂಡ್ರಿ," ಎಂದಳು. ಹಾದಿಯವರಿಗೆ ಹೇಳುವ ದನಿಯಲ್ಲಿ.

*

ಎರಡನೇ ಕಣ್ಣಿನ ಆಪರೇಶನ್ನಿನ ದಿನ ಬೆಳಿಗ್ಗೆ ಸಂದೀಪ ಬುತ್ತಿಯ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟ. ಶೆಟ್ಟೆವ್ವ ಬುದ್ಧನ ಪಟದ ಮುಂದೆ ಕೈಮುಗಿದು ಬಂದು ಹತ್ತಿದಳು. ದುರ್ಗಪ್ಪ ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದ. ಈ ಸಲ ಮೊಣಕಾಲಿನ ಮಾತು ಬಂದಿರಲಿಲ್ಲ. ಬಾ ಎಂದು ಅವನಿಗೆ ಯಾರೂ ಅಂದಿರಲೂ ಇಲ್ಲ.

ಪ್ರಜ್ಞಾ ಇಂಜಿನ್ ಚಾಲೂ ಮಾಡಿದಳು. ಗೇರಿಗೆ ಕೈ ಹಾಕಿದವಳು ಹಾಕದೆ, ಗಾಜು ಇಳಿಸಿದಳು.

"ಮಾವಾರ, ಇನ್ನೇನರ ಐತೇನ್ರಿ ಇದರಾಗ? ನಿಮಗ ಗೊತ್ತಿದ್ದು, ನಮಗ ಗೊತ್ತಿಲ್ಲದ್ದು."

ದುರ್ಗಪ್ಪ ಗೇಟಿನ ಸರಳು ಹಿಡಿದುಕೊಂಡ. ಹಿಂದಿನ ಸೀಟಿನಲ್ಲಿ ಶೆಟ್ಟೆವ್ವ ಮುಖ ತಿರುಗಿಸಲಿಲ್ಲ.

"ಹಿಂದಿನ ಎಡಗಾಲಿ," ಎಂದ ಕೊನೆಗೆ. "ಒಳಗ ಬ್ರೇಕ್ ಆಯಿಲ್ ಜಿನಗಾಕ ಹತ್ತೈತಿ. ಮೊನ್ನೆ ತೊಳಿಯೂ ಮುಂದ ನೋಡಿದೆ."

"ಮೊನ್ನೆ."

"ಹೇಳಬೇಕಂತ ಇದ್ದೆ. ಯಾರೂ ನನ್ನ ಕೂಡ–" ಅವನು ಅಲ್ಲಿಗೇ ಬಿಟ್ಟ.

ಪ್ರಜ್ಞಾ ಇಂಜಿನ್ ಬಂದ್ ಮಾಡಿದಳು. ಇಳಿದು, ಹಿಂದಿನ ಎಡಗಾಲಿಯ ಹತ್ತಿರ ಕೂತು, ಒಳಮಗ್ಗುಲಿಗೆ ಬೆರಳು ಆಡಿಸಿದಳು. ಬೆರಳು ತೇವವಾಗಿ ಬಂತು. ಅದನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು.

"ಅತ್ತೀ, ಇಳೀರಿ. ಬಸ್ ಸಿಗತೈತಿ."

ಶೆಟ್ಟೆವ್ವ ಬುತ್ತಿಯ ಚೀಲ ಹಿಡಿದು ಇಳಿದಳು. ಗೇಟು ದಾಟುವಾಗ ಗಂಡನ ಮುಂದೆಯೇ ಹೋಗಬೇಕಿತ್ತು. ಹೋದಳು. ಒಂದು ನೆಟ್ಟ ಕಂಬದ ಮುಂದೆ ಹೋದ ಹಾಗೆ ಹೋದಳು.

"ಚಾವಿ ಕೊಡವಾ ಪ್ರಜ್ಞಾ," ಎಂದ ದುರ್ಗಪ್ಪ. ಸೊಸೆಯನ್ನು ಹೆಸರು ಹಿಡಿದು ಕರೆದದ್ದು ಅವನಿಗೇ ಹೊಸತಾಗಿತ್ತು. "ಗಾಲಿ ಬಿಚ್ಚಿ ಒಂದ ತಾಸಿನ್ಯಾಗ ಮಾಡತೇನಿ. ಡಾಕ್ಟರಗ ಫೋನ್ ಹಚ್ಚಿ ಹೇಳ್ರಿ, ಒಂದ ತಾಸ ತಡಾ ಆಗತೈತಿ ಅಂತ."

"ಬ್ಯಾಡ್ರಿ," ಎಂದಳು ಅವಳು ಶಾಂತವಾಗಿ. "ರಿಪೇರಿ ಮಾಡಸಾಕ ಕೇಳಲಿಲ್ಲ ನಾ."

ಚಾವಿಯನ್ನು ಗಂಡನ ಕೈಗೆ ಕೊಟ್ಟು, ಅತ್ತೆಯ ಮೊಣಕೈ ಹಿಡಿದು, ಬಸ್ ನಿಲ್ದಾಣದ ಕಡೆ ನಡೆದಳು. ಇಬ್ಬರೂ ತಿರುವಿನಲ್ಲಿ ಮರೆಯಾಗುವ ತನಕ ತಂದೆ ಮಗ ನೋಡುತ್ತ ನಿಂತರು.

"ಗಾಲಿ ಬಿಚ್ಚಾಕ ಒಳಗಿಂದ ಹದಿನೇಳರ ಪಾನಾ ತಗೊಂಡ ಬಾ," ಎಂದ ದುರ್ಗಪ್ಪ ಅಂಗಿಯ ತೋಳು ಏರಿಸುತ್ತ. "ಜಾಕ್ ಡಿಕ್ಕಿಯೊಳಗ ಐತಿ."

ಸಂದೀಪ ಜೇಬಿನಿಂದ ಫೋನ್ ತೆಗೆದು, ಊರಿನ ಬ್ರೇಕ್ ಕೆಲಸದವನ ಅಂಗಡಿಗೆ ಹಚ್ಚಿ, ಮನೆಗೇ ಬರಬೇಕೆಂದೂ ಬೇಗ ಬರಬೇಕೆಂದೂ ಹೇಳಿದ. ತಂದೆ ಎದುರಿಗೇ ತೋಳು ಏರಿಸಿ ನಿಂತು ಅಷ್ಟನ್ನೂ ಕೇಳಿದ.

"ನಾ ಇಲ್ಲೇ ಅದೇನಿ," ಎಂದ ದುರ್ಗಪ್ಪ. "ಅವ್ನ ಯಾಕ?"

ಸಂದೀಪ ಫೋನನ್ನು ಜೇಬಿಗೆ ಹಾಕಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಚೇರಿಗೆ ಬಂದ ಮುದುಕರ ಕೂಡ ಅವನು ಮಾತಾಡುತ್ತಿದ್ದದ್ದು ಹೀಗೆಯೇ ಇರಬೇಕು.

"ಅಪ್ಪಾ, ಬಿಸಲ ಏರಾಕ ಹತ್ತೈತಿ," ಎಂದ. "ನೀವು ಒಳಗ ಹೋಗಿ ಕುಂಡ್ರಿ."